ಲಾಡ್ಜಿನ ಎರಡನೇ ಮಹಡಿಗೆ ಸೇರಿಹೋದ ನಮ್ಮ ಊರಿನ ಒಂಬತ್ತು ಮಚ್ಚೆಗಳು

ಮಾನ್ಯ ಕ್ಯಾನ್ಸರ್ ನೋಂದಣಿಯ ಮುಖ್ಯಾಧಿಕಾರಿಗಳೇ,

ನನ್ನ ದೊಡ್ಡಮ್ಮನನ್ನು ನೀವು ಒಂದು ವರ್ಷದಿಂದ ಲಾಡ್ಜೊಂದರ ಎರಡನೇ ಮಹಡಿಯಲ್ಲಿ ಇಟ್ಟುಕೊಂಡಿದ್ದೀರಿ. ದಯವಿಟ್ಟು ವಾಪಸು ಕಳಿಸಿಕೊಡಿ. ಗಾಬರಿ ಬೇಡ, ನಿಮ್ಮ ಮನೆಯವರು ಈ ಪತ್ರ ಓದಿದರೂ ಅಡ್ಡಿಯಿಲ್ಲ. ದೊಡ್ಡಮ್ಮನಿಗೆ ಅರವತ್ತೆಂಟು ವರ್ಷ, ಮತ್ತು ಈ ಕ್ಷಣ ಅವರು ನನ್ನ ಅಂಗಡಿಯ ಪಕ್ಕದ ಕೋಣೆಯಲ್ಲಿ ಹೊಲಿಗೆ ಮೆಷಿನ್ ಮುಂದೆ ಕೂತು ಯಾರದೋ ಪ್ಯಾಂಟಿನ ಅಂಚು ಮಡಿಸುತ್ತಿದ್ದಾರೆ. ಲಾಡ್ಜಿನಲ್ಲಿರುವುದು ನಿಮ್ಮ ಲೆಕ್ಕದಲ್ಲಿ ಮಾತ್ರ. ಅವರ ಜೊತೆ ನಮ್ಮ ಊರಿನ ಇನ್ನೂ ಎಂಟು ಜನರನ್ನು ಅದೇ ಲಾಡ್ಜಿಗೆ ತುಂಬಿ, ನಮ್ಮ ಊರಿನಲ್ಲಿ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಸೊನ್ನೆ ಎಂದು ಬರೆದು, ಸೊನ್ನೆ ಇರುವ ಊರಿಗೆ ಚರ್ಮದ ಡಾಕ್ಟರು ಯಾಕೆ ಎಂದು ನೀವೇ ಕೇಳಿ, ಬೇಡ ಎಂದು ನೀವೇ ಉತ್ತರಿಸಿ, ಬರುವ ತಿಂಗಳಿನಿಂದ ನಮ್ಮ ಆಸ್ಪತ್ರೆಯ ಗುರುವಾರದ ಕ್ಲಿನಿಕ್ಕಿಗೆ ಬೀಗ ಹಾಕಿಸುತ್ತಿದ್ದೀರಿ. ನನ್ನ ತಕರಾರು ಇಷ್ಟೇ. ಉಳಿದದ್ದೆಲ್ಲ ವಿವರ, ವಿವರವನ್ನು ನಿಮ್ಮ ಕಚೇರಿ ಓದುವುದಿಲ್ಲ ಎಂದು ಗೊತ್ತಿದ್ದೇ ಬಹಿರಂಗವಾಗಿ ಬರೆಯುತ್ತಿದ್ದೇನೆ.

ನಾನು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಓದಿ, ಹೊಟ್ಟೆಪಾಡಿಗೆ ಕನ್ನಡಕ ಮಾರುವವನು. ಹಾಗಾಗಿ ಲೆಕ್ಕ ತಪ್ಪುವುದು ಹೇಗೆಂದೂ ಗೊತ್ತು, ಕಣ್ಣು ತಪ್ಪುವುದು ಹೇಗೆಂದೂ ಗೊತ್ತು. ಒಂದು ರೋಗ ಯಾವ ಊರಿನಲ್ಲಿ ಎಷ್ಟು ಜನರಿಗಿದೆ ಎಂದು ಎಣಿಸುವುದು ದೊಡ್ಡ ಕೆಲಸ, ಅದನ್ನು ಗೇಲಿ ಮಾಡಲಾರೆ. ಎಣಿಸುವವರಿಲ್ಲದಿದ್ದರೆ ಡಾಕ್ಟರನ್ನು ಎಲ್ಲಿಗೆ ಕಳಿಸಬೇಕು, ಔಷಧಿಯನ್ನು ಎಲ್ಲಿ ಇಡಬೇಕು ಎಂಬುದು ಯಾರಿಗೂ ತಿಳಿಯುವುದಿಲ್ಲ. ಆದರೆ ಸ್ವಾಮಿ, ಸೊನ್ನೆಯಲ್ಲಿ ಎರಡು ಬಗೆ. ಹುಡುಕಿದರೂ ಸಿಗದ ಸೊನ್ನೆ ಒಂದು, ಹುಡುಕದೆ ಸಿಕ್ಕ ಸೊನ್ನೆ ಇನ್ನೊಂದು. ನಾಳೆ ನಾನು ಅಂಗಡಿಯ ಷಟರ್ ಎಳೆದರೆ ಈ ಊರಿನಲ್ಲಿ ದೃಷ್ಟಿದೋಷ ಇರುವವರ ಸಂಖ್ಯೆ ಒಂದೇ ದಿನದಲ್ಲಿ ಸೊನ್ನೆಗೆ ಇಳಿಯುತ್ತದೆ. ನೀವು ನನ್ನನ್ನು ಕರೆಸಿ ಪದಕ ಹಾಕಬಹುದು. ಜನ ಕಂಬಕ್ಕೆ ಹಣೆ ಹಾಕಿಕೊಳ್ಳುತ್ತಾರೆ, ಅದು ಬೇರೆ ಇಲಾಖೆ. ನಮ್ಮ ಊರಿನದು ಈ ಎರಡೂ ಅಲ್ಲದ ಮೂರನೇ ಬಗೆಯ ಸೊನ್ನೆ: ಹುಡುಕಿ, ಕಂಡುಹಿಡಿದು, ಕೊನೆಗೆ ಬೇರೆಯವರ ಮನೆ ಬಾಗಿಲಲ್ಲಿ ಇಟ್ಟುಬಂದ ಸೊನ್ನೆ.

ಹುಡುಕಿದವರು ಗುರುವಾರದ ಡಾಕ್ಟರಮ್ಮ. ಆರು ವರ್ಷದಿಂದ ವಾರಕ್ಕೊಂದು ದಿನ ಬರುತ್ತಿದ್ದಾರೆ. ಔಷಧಿ ಕೊಠಡಿಗೂ ಕೈತೊಳೆಯುವ ತೊಟ್ಟಿಗೂ ನಡುವೆ ಪರದೆ ಕಟ್ಟಿದ ಮೂಲೆಯೇ ಅವರ ಚರ್ಮರೋಗ ವಿಭಾಗ. ಲೋಕದ ಡಾಕ್ಟರುಗಳು ಮುಡಿಯಿಂದ ಅಡಿಯವರೆಗೆ ನೋಡಿದರೆ ಇವರು ಅಡಿಯಿಂದ ಮುಡಿಗೆ ನೋಡುವವರು. ನಿಮಗೆ ಬಂದ ಕಾಯಿಲೆ ಏನೇ ಇರಲಿ, ಮೊದಲು ಚಪ್ಪಲಿ ಬಿಚ್ಚಬೇಕು.

"ಡಾಕ್ಟ್ರೇ, ನಂಗೆ ತಲೆಹೊಟ್ಟು."

"ಆಯ್ತು. ಚಪ್ಪಲಿ ಬಿಚ್ಚಿ."

"ಹೊಟ್ಟು ಇರೋದು ತಲೇಲಿ."

"ತಲೆ ಎಲ್ಲಿಗೂ ಓಡಿಹೋಗಲ್ಲ. ಓಡಿಹೋಗೋದು ಕಾಲು, ಅದನ್ನ ಮೊದಲು ತೋರಿಸಿ."

ನಮ್ಮಂಥ ಗಾಢ ಬಣ್ಣದ ಮೈಯವರಲ್ಲಿ ಈ ಕ್ಯಾನ್ಸರಿಗೆ ಬಿಸಿಲಿನ ಹಂಗಿಲ್ಲವಂತೆ. ಅಂಗಾಲು, ಅಂಗೈ, ಉಗುರಿನ ಅಡಿ, ಹೀಗೆ ಕನ್ನಡಿಗೆ ಸಿಗದ ಜಾಗದಲ್ಲೇ ಹೆಚ್ಚಾಗಿ ಬಂದು ಕೂರುತ್ತದಂತೆ. ಅದಕ್ಕೇ ಈ ಪಾದಪೂಜೆ. ಊರು ಮೊದಮೊದಲು ನಕ್ಕಿತು, ಆಮೇಲೆ ಕಾಲು ತೊಳೆದುಕೊಂಡು ಹೋಗಲು ಕಲಿಯಿತು. ಬ್ಯಾಂಕಿನ ಕ್ಯಾಷಿಯರ್ ಒಬ್ಬರು ಮರ್ಯಾದೆಗೆಂದು ಹೊಸ ಕಾಲುಚೀಲ ಹಾಕಿಕೊಂಡು ಹೋಗಿ, ಅದನ್ನೂ ಬಿಚ್ಚಿಸಿದರೆಂದು ವಾರಗಟ್ಟಲೆ ಮುನಿಸಿಕೊಂಡಿದ್ದರು.

ದೊಡ್ಡಮ್ಮ, ಅಂದರೆ ನನ್ನ ಅಮ್ಮನ ಅಕ್ಕ, ಅಲ್ಲಿಗೆ ರೋಗಿಯಾಗಿ ಹೋದವರಲ್ಲ. ಕೂದಲು ಉದುರುತ್ತಿದ್ದದ್ದು ನನ್ನ ಅಮ್ಮನಿಗೆ. ದೊಡ್ಡಮ್ಮ ಹೋದದ್ದು ತಂಗಿಯ ಪರವಾಗಿ ಮಾತಾಡಲು. ನಲವತ್ತು ವರ್ಷ ಕಾಲಲ್ಲಿ ತುಳಿಯುವ ಮೆಷಿನ್ ಓಡಿಸಿದ ಅವರ ಬಲ ಹಿಮ್ಮಡಿಯಲ್ಲಿ ಒಂದು ಕಪ್ಪು ಕಲೆ ಇತ್ತು. ಅದು ಮೆಷಿನ್ ಎಣ್ಣೆ ಎಂಬುದು ನಮ್ಮ ಮನೆಯ ಸರ್ವಾನುಮತದ ತೀರ್ಮಾನ. ಭಾನುವಾರ ಭಾನುವಾರ ಅಮ್ಮ ಕಲ್ಲು ಹಿಡಿದು ಉಜ್ಜುವುದು, ದೊಡ್ಡಮ್ಮ ಕುರ್ಚಿಯಲ್ಲಿ ಒರಗಿ ಉಸ್ತುವಾರಿ ನೋಡುವುದು.

"ಅಕ್ಕಾ, ಇದು ಹೋಗ್ತಾನೇ ಇಲ್ಲ, ಇನ್ನೂ ಅಗಲ ಆದಂಗಿದೆ."

"ನೀನು ಸರಿಯಾಗಿ ಉಜ್ಜಿದ್ರೆ ತಾನೇ. ಸಣ್ಣವಳಿದ್ದಾಗ ಪಾತ್ರೆನೂ ಹಿಂಗೇ ತಿಕ್ತಿದ್ದೆ."

ಹೀಗೆ ಒಂದು ವರ್ಷ ನಾವು ಕ್ಯಾನ್ಸರನ್ನು ಸೀಮೆಎಣ್ಣೆ ಹಾಕಿ ತಿಕ್ಕಿದ್ದೇವೆ. ಆ ಗುರುವಾರ ಡಾಕ್ಟರಮ್ಮ ಅಮ್ಮನ ಕಾಲು ನೋಡಿ ಮುಗಿಸಿ, ದೊಡ್ಡಮ್ಮನ ಕಡೆ ತಿರುಗಿದರಂತೆ. "ನಾನು ಪೇಷೆಂಟ್ ಅಲ್ಲಮ್ಮ, ಜೊತೆಗೆ ಬಂದೋಳು" ಎಂದರಂತೆ ದೊಡ್ಡಮ್ಮ. "ನಿಮ್ಮ ಜೊತೆ ನಿಮ್ಮ ಕಾಲೂ ಬಂದಿದೆಯಲ್ಲ, ತೋರಿಸಿ" ಎಂದರಂತೆ ಇವರು. ನೋಡಿದರು. ಭೂತಗನ್ನಡಿ ಇಟ್ಟು ಇನ್ನೊಮ್ಮೆ ನೋಡಿದರು. ಆಮೇಲೆ ಅಷ್ಟು ಹೊತ್ತು ವಟಗುಟ್ಟುತ್ತಿದ್ದವರು ಸುಮ್ಮನಾದರಂತೆ. "ಅವಳು ಸುಮ್ಮನಾದಾಗ್ಲೇ ಗೊತ್ತಾಯ್ತು ಕಣೋ, ಇದು ಎಣ್ಣೆ ಅಲ್ಲ ಅಂತ," ಎಂದು ದೊಡ್ಡಮ್ಮ ಈಗಲೂ ಹೇಳುತ್ತಾರೆ.

ಇಲ್ಲಿಂದ ಮುಂದೆ ಮಾನ್ಯರು ಗಮನವಿಟ್ಟು ಓದಬೇಕು. ನಿಮ್ಮ ವಿಜ್ಞಾನ ಹಳ್ಳ ಹಿಡಿದದ್ದು ಈ ಜಾಗದಲ್ಲಿ. ಕತ್ತರಿಸುವ ಕೆಲಸ ನಮ್ಮ ಊರಿನಲ್ಲಿ ಆಗುವುದಿಲ್ಲ, ದೊಡ್ಡ ಊರಿನ ದೊಡ್ಡ ಆಸ್ಪತ್ರೆಗೇ ಹೋಗಬೇಕು. ಬಸ್ಸು ಇಳಿದರೆ ಎದುರಿಗೇ ಆ ಲಾಡ್ಜು. ನಮ್ಮ ಊರಿನವರೆಲ್ಲ ಇಳಿದುಕೊಳ್ಳುವುದು ಅಲ್ಲೇ. ಮ್ಯಾನೇಜರ್ ಬಹಳ ಒಳ್ಳೆಯ ಮನುಷ್ಯ. ನಿಮ್ಮ ಇಡೀ ಅಂಕಿ ಅಂಶವನ್ನು ಕೆಡಿಸಿದ್ದು ಅವರ ಒಳ್ಳೆಯತನವೇ. ಬ್ಯಾಗು ಇಳಿಸುತ್ತಿದ್ದಂತೆ ಅವರು ದೊಡ್ಡಮ್ಮನಿಗೆ ಬುದ್ಧಿ ಹೇಳಿದರು.

"ಅಮ್ಮಾ, ಆಸ್ಪತ್ರೆ ಕೌಂಟರಲ್ಲಿ ವಿಳಾಸ ಕೇಳ್ತಾರೆ. ನಿಮ್ಮೂರು ಹೇಳಬೇಡಿ. ಹೊರಗಿನೋರು ಅಂದ್ರೆ ರಿಪೋರ್ಟನ್ನ ಪೋಸ್ಟಲ್ಲಿ ನಿಮ್ಮೂರ ಆಸ್ಪತ್ರೆಗೆ ಹಾಕ್ತಾರೆ, ಅದು ಬರೋ ಹೊತ್ತಿಗೆ ಗಾಯ ಮಾಯ್ದಿರುತ್ತೆ. ಇದೇ ಲಾಡ್ಜು, ಎರಡನೇ ಮಹಡಿ ಅನ್ನಿ. ಇಲ್ಲಿಗೇ ಫೋನ್ ಮಾಡ್ತಾರೆ. ನಾನೇ ಹೋಗಿ ಇಸ್ಕೊಂಡು ಟೀ ಜೊತೆ ಮೇಲೆ ತಂದುಕೊಡ್ತೀನಿ."

"ಸುಳ್ಳು ವಿಳಾಸ ಕೊಡೋದಾ?"

"ಇವತ್ತು ರಾತ್ರಿ ಮಲಗೋದು ಎಲ್ಲಿ, ಇಲ್ಲೇ ತಾನೇ? ಮತ್ತೆ ಸುಳ್ಳೆಲ್ಲಿ ಬಂತು?"

ದೊಡ್ಡಮ್ಮನಿಗೆ ಈ ವಾದ ಹಿಡಿಸಿತು. ಅವರಿಗಿಂತ ಮೊದಲು ಹೋಗಿದ್ದ ಎಂಟು ಜನರಿಗೂ ಹಿಡಿಸಿತ್ತು. ರಿಪೋರ್ಟು ಟೀ ಜೊತೆಗೆ ಬಂತು, ಹಿಮ್ಮಡಿಯ ಕಾಲು ಭಾಗ ಹೋಯಿತು, ಮುಕ್ಕಾಲು ಉಳಿಯಿತು, ನಾಲ್ಕನೇ ದಿನ ದೊಡ್ಡಮ್ಮ ಮನೆಗೆ ಬಂದರು. ಅವರ ರೋಗ ಮಾತ್ರ ಬರಲಿಲ್ಲ. ಆಸ್ಪತ್ರೆಯ ಚೀಟಿಯಲ್ಲಿದ್ದ ವಿಳಾಸ ನೋಡಿ, ಹಿಮ್ಮಡಿಯಲ್ಲಿದ್ದದ್ದನ್ನು ನೀವು ಮಹಡಿಗೆ ಹತ್ತಿಸಿದಿರಿ.

ಆಮೇಲೆ ನಡೆದದ್ದು ಗಣಿತ. ಆ ಲಾಡ್ಜಿನ ಬೀದಿಯಲ್ಲಿ ನಿಜವಾಗಿ ವಾಸವಿರುವವರು ಮುನ್ನೂರು ಜನ. ಆರು ವರ್ಷದಲ್ಲಿ ಒಂಬತ್ತು ಮೆಲನೋಮಾ. ಅದನ್ನು ವರ್ಷಕ್ಕೆ ಹಂಚಿ, ಲಕ್ಷಕ್ಕೆ ಹಿಗ್ಗಿಸಿದರೆ ಐನೂರು. ಲೋಕದ ಯಾವ ಮೂಲೆಯಲ್ಲೂ ಕೇಳರಿಯದ ಪ್ರಮಾಣ. ಇಂಥ ಸಂಖ್ಯೆ ಎದುರಿಗೆ ಬಂದಾಗ ಏನು ಮಾಡಬೇಕು? "ಇದೇನಪ್ಪಾ, ಇಲ್ಲೊಂದು ಲಾಡ್ಜಿದೆ, ಪಕ್ಕದಲ್ಲೊಂದು ಆಸ್ಪತ್ರೆಯಿದೆ" ಎಂದು ಯಾರಾದರೂ ಒಬ್ಬರು ತಲೆ ಕೆರೆದುಕೊಳ್ಳಬೇಡವೇ? ನಿಮ್ಮ ಕಚೇರಿಯಲ್ಲಿ ಯಾರಿಗೂ ತಲೆಹೊಟ್ಟಿಲ್ಲವೆಂದು ಕಾಣುತ್ತದೆ. ನೀವು ತನಿಖಾ ತಂಡ ಕಳಿಸಿದಿರಿ. ಲಾಡ್ಜಿನ ಮ್ಯಾನೇಜರ್ ನನಗೆ ಫೋನ್ ಮಾಡಿದಾಗಲೇ ನಮಗೆ ಇದೆಲ್ಲ ತಿಳಿದದ್ದು.

"ಸಾರ್, ನಮ್ಮ ಲಾಡ್ಜಿಗೆ ಕ್ಯಾನ್ಸರ್ ಬಂದಿದೆಯಂತೆ."

"ಯಾರಿಗೆ?"

"ಬಿಲ್ಡಿಂಗಿಗೆ ಸಾರ್."

ನಿಮ್ಮ ತಂಡ ಮೇಲಿನ ಟ್ಯಾಂಕಿನ ನೀರು ತುಂಬಿಕೊಂಡಿತಂತೆ. ಎರಡನೇ ಮಹಡಿಯ ಗೋಡೆಯಿಂದ ನೀಲಿ ಬಣ್ಣ ಕೆರೆದುಕೊಂಡಿತಂತೆ. ಗೆಸ್ಟುಗಳಿಗೆ ಕೊಡುವ ಸಣ್ಣ ಸೋಪನ್ನು ಪೊಟ್ಟಣ ಕಟ್ಟಿ ಮುದ್ರೆ ಒತ್ತಿತಂತೆ. ಛಾವಣಿಯ ಮೇಲೆ ಬಿಸಿಲು ಅಳೆಯುವ ಯಂತ್ರ ಇಟ್ಟು, ಅದರ ನೆರಳಿನಲ್ಲಿ ಊಟ ಮಾಡಿತಂತೆ. ಬಾಲ್ಕನಿಗೆ ಹಸಿರು ಬಲೆ ಹೊದಿಸಿ, ಕೆಲಸದವರಿಗೆಲ್ಲ ಮುಖಕ್ಕೆ ಹಚ್ಚುವ ಬಿಸಿಲಿನ ಕ್ರೀಮು ಹಂಚಿತಂತೆ. ಅಂಗಾಲಿನ ರೋಗಕ್ಕೆ ಮುಖದ ಕ್ರೀಮು. ಇಲಾಖೆಗೆ ಮುಖ ಉಳಿಸಿಕೊಳ್ಳುವುದೇ ಮುಖ್ಯವಿರಬೇಕು.

"ನೀವು ನಿಜ ಹೇಳಲಿಲ್ವಾ?" ಎಂದು ಕೇಳಿದೆ.

"ಹೇಳಿದೆ ಸಾರ್. ಇವರ್ಯಾರೂ ಇಲ್ಲಿನೋರಲ್ಲ, ಬಂದು ಹೋಗೋ ಗೆಸ್ಟುಗಳು ಅಂದೆ. ಅದಕ್ಕವರು, ಒಂಬತ್ತು ಜನ ಒಂದೇ ಮಹಡೀಲಿ ವರ್ಷಗಟ್ಟಲೆ ಇದಾರಾ, ಗಾಳಿ ಬೆಳಕು ಸಾಲಲ್ಲ ಅಂತ ಬರ್ಕೊಂಡ್ರು."

"ಕಾಲು ನೋಡಿದ್ರಾ ಯಾರ್ದಾದ್ರೂ?"

"ಕಾಲ್ಯಾಕೆ ನೋಡ್ತಾರೆ ಸಾರ್? ನನ್ನ ಮುಖ ಬೆಳ್ಳಗಾಗಿದೆ, ಲಾಡ್ಜು ಖಾಲಿಯಾಗಿದೆ. ಕ್ಯಾನ್ಸರ್ ಇರೋ ಲಾಡ್ಜಿಗೆ ಯಾರು ಬರ್ತಾರೆ ಹೇಳಿ. ಕೆಳಗಡೆ ಹಾಲಲ್ಲಿ ಬರೋ ತಿಂಗಳಿಂದ ಚರ್ಮದ ಕ್ಲಿನಿಕ್ ಬೇರೆ ಮಾಡ್ತಾರಂತೆ. ಪ್ರತಿ ಗುರುವಾರ."

ಆ ಗುರುವಾರ ಯಾವುದೆಂದು ನಿಮಗೆ ಗೊತ್ತು. ಅದು ನಮ್ಮದು. ಡಾಕ್ಟರಮ್ಮನನ್ನು ರೋಗಿಗಳಿರುವ ಊರಿನಿಂದ ಎತ್ತಿ, ರೋಗಿಗಳ ವಿಳಾಸವಿರುವ ಲಾಡ್ಜಿಗೆ ಕಳಿಸುತ್ತಿದ್ದೀರಿ.

ತಿದ್ದಿಸಬಹುದು ಎಂಬ ನಂಬಿಕೆಯಿಂದ ದೊಡ್ಡಮ್ಮನನ್ನು ಕರೆದುಕೊಂಡು ನಿಮ್ಮ ಕಚೇರಿಗೇ ಬಂದೆ. ನೀವು ಸಭೆಯಲ್ಲಿದ್ದಿರಿ. ನಿಮ್ಮ ಸಹಾಯಕರು ಸಜ್ಜನರು, ದೊಡ್ಡಮ್ಮನಿಗೆ ತಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟು ನಿಂತುಕೊಂಡರು. ನಾನು ವಿಳಾಸದ ವಿಷಯ ಹೇಳಿದೆ.

"ವಿಳಾಸ ಬದಲಾಯಿಸಬೋದು. ಹಳೇ ವಿಳಾಸ ಖಾಲಿ ಮಾಡಿದ್ದಕ್ಕೆ ಅಲ್ಲಿನ ವಾರ್ಡಿಂದ ಒಂದು ಪತ್ರ ತರಬೇಕು ಅಷ್ಟೇ."

"ಸಾರ್, ಅವರು ಅಲ್ಲಿದ್ದದ್ದೇ ನಾಲ್ಕು ದಿನ."

"ಒಳ್ಳೇದಾಯ್ತಲ್ಲ. ಖಾಲಿ ಮಾಡಿರೋದು ಸುಲಭವಾಗಿ ಸಾಬೀತಾಗುತ್ತೆ."

"ಪತ್ರ ತಂದರೆ ಈ ಕೇಸು ನಮ್ಮ ಊರಿಗೆ ಬರುತ್ತಾ?"

"ಇದು ಬರಲ್ಲ. ಇದು ಅಚ್ಚಾಗಿಹೋಗಿದೆ. ಮುಂದಿನ ಸಲದ ಕ್ಯಾನ್ಸರನ್ನ ನಿಮ್ಮೂರ ವಿಳಾಸಕ್ಕೆ ಹಾಕ್ಕೊಳ್ತೀವಿ."

ದೊಡ್ಡಮ್ಮ ಕನ್ನಡಕ ಸರಿಮಾಡಿಕೊಂಡರು. "ಮುಂದಿನ ಸಲದ್ದಾ? ಅದನ್ನೂ ನೀವೇ ಮಂಜೂರು ಮಾಡ್ತೀರೇನಪ್ಪಾ, ಇಲ್ಲ ನಾವೇ ನೋಡ್ಕೋಬೇಕಾ?"

"ಹಂಗಲ್ಲ ತಾಯಿ, ನಿಯಮ."

"ನಿಯಮ ಇರ್ಲಿ. ಇಲ್ನೋಡು." ದೊಡ್ಡಮ್ಮ ಚಪ್ಪಲಿ ಬಿಚ್ಚಿ ಬಲಗಾಲನ್ನು ನಿಮ್ಮ ಕಚೇರಿಯ ಕಸದ ಬುಟ್ಟಿಯ ಮೇಲಿಟ್ಟರು. "ಇದು ನನ್ನ ಕಾಲು. ಇದು ನನ್ನ ಜೊತೆ ಮನೇಲಿದೆ. ಇಷ್ಟು ದಿನ ಬೇರೆಲ್ಲೂ ಇರಲಿಲ್ಲ. ಬರ್ಕೋ."

ಸಹಾಯಕರು ಕಾಲನ್ನು ನೋಡಿದರು. ಪಾಪ, ಕಣ್ಣಲ್ಲಿ ಕರುಣೆಯಿತ್ತು, ಕೈಯಲ್ಲಿ ಅಧಿಕಾರವಿರಲಿಲ್ಲ. ನಾನು ಅವರ ಹಿಂದಿನ ಗೋಡೆಯನ್ನು ನೋಡಿದೆ. ಅಲ್ಲಿ ನಿಮ್ಮ ಭೂಪಟ ತೂಗುಹಾಕಿದ್ದಿರಿ. ನಮ್ಮ ಊರು ಬೆಳ್ಳಗೆ, ನಿಷ್ಕಳಂಕವಾಗಿ ಹೊಳೆಯುತ್ತಿತ್ತು. ಲಾಡ್ಜಿನ ಬೀದಿಯ ಮೇಲೊಂದು ಚುಕ್ಕೆ. ಮೊದಲ ವರ್ಷ ಹಳದಿ ಬಳಿದು, ಆಮೇಲೆ ಕೆಂಪು ಬಳಿದು, ಈ ವರ್ಷ ಕಂದು ಮಾಡಿದ್ದೀರಿ. ಅಂಚು ಅಂಕುಡೊಂಕು. ಒಂದು ಪಕ್ಕ ಇದ್ದಂತೆ ಇನ್ನೊಂದು ಪಕ್ಕ ಇಲ್ಲ. ವರ್ಷದಿಂದ ವರ್ಷಕ್ಕೆ ದೊಡ್ಡದಾಗುತ್ತಿದೆ. ಮಾನ್ಯರೇ, ಯಾವ ಮಚ್ಚೆಯನ್ನು ಕಂಡರೆ ಡಾಕ್ಟರಿಗೆ ತೋರಿಸಬೇಕು ಎಂದು ನಿಮ್ಮದೇ ಇಲಾಖೆ ಬಾಗಿಲಲ್ಲಿ ಅಂಟಿಸಿರುವ ಪೋಸ್ಟರಿನಲ್ಲಿ ಬರೆದಿದೆಯಲ್ಲ, ಅದರ ಒಂದೊಂದು ಲಕ್ಷಣವೂ ನಿಮ್ಮ ಭೂಪಟಕ್ಕಿದೆ. ಡಾಕ್ಟರಮ್ಮ ಕಂಡರೆ ಗೋಡೆ ಸಮೇತ ಕತ್ತರಿಸಿ ಪರೀಕ್ಷೆಗೆ ಕಳಿಸುತ್ತಿದ್ದರು.

ಇಷ್ಟಾದ ಮೇಲೆ ನಮ್ಮ ಒಂಬತ್ತು ಜನ ನನ್ನ ಅಂಗಡಿಯಲ್ಲಿ ಸೇರಿ ಒಂದು ಪರಿಹಾರ ಯೋಚಿಸಿದ್ದಾರೆ. ವರದಿಯನ್ನು ತಿದ್ದುವುದು ನಿಮಗೆ ಅಷ್ಟು ಕಷ್ಟವಾದರೆ, ವರದಿಗೆ ತಕ್ಕಂತೆ ನಾವೇ ತಿದ್ದಿಕೊಳ್ಳುತ್ತೇವೆ: ಒಂಬತ್ತೂ ಜನ ಸಂಸಾರ ಸಮೇತ ಆ ಲಾಡ್ಜಿಗೆ ಹೋಗಿ ನೆಲೆಸುವುದು. ಎರಡನೇ ಮಹಡಿ ಪೂರ್ತಿ ಖಾಲಿಯಿದೆ ಎಂದು ಮ್ಯಾನೇಜರ್ ಸಂತೋಷದಿಂದ ತಿಳಿಸಿದ್ದಾರೆ. ದೊಡ್ಡಮ್ಮನ ಹೊಲಿಗೆ ಮೆಷಿನ್ ಬಾಲ್ಕನಿಯಲ್ಲಿ ಹಿಡಿಸುತ್ತದೆ. ಹಸಿರು ಬಲೆಯ ನೆರಳು ಹೇಗೂ ಇದೆ. ಕ್ಯಾಷಿಯರ್ ಸಾಹೇಬರದು ಒಂದೇ ಷರತ್ತು, ಬಾಡಿಗೆ ನಿಮ್ಮ ಇಲಾಖೆಯದು. ಹೊಸ ಕಾಲುಚೀಲದ ಮುನಿಸಿನವರೇ. ಆ ಕಾಲುಚೀಲದೊಳಗೆ ಸಿಕ್ಕಿದ್ದರಿಂದಲೇ ಅವರು ಒಂಬತ್ತರಲ್ಲಿ ಒಬ್ಬರು, ಇವತ್ತಿಗೂ ನೋಟು ಎಣಿಸುತ್ತಿದ್ದಾರೆ.

ನಗು ಸಾಕು. ದೊಡ್ಡಮ್ಮನನ್ನು ಮೂರು ತಿಂಗಳಿಗೊಮ್ಮೆ ಡಾಕ್ಟರಮ್ಮ ನೋಡಲೇಬೇಕು. ಹೋದ ಸಲ ನೋಡಿದಾಗ ಬಲಗಾಲು ಚೆನ್ನಾಗಿದೆ ಎಂದರು. ಎಡಗಾಲಿನ ಹೆಬ್ಬೆರಳ ಉಗುರಿನ ಅಡಿ ಸಣ್ಣದೊಂದು ಕಪ್ಪು ಗೆರೆ ಕಂಡಿತು. ಏನೂ ಅಲ್ಲದೆಯೂ ಇರಬಹುದು, ಮುಂದಿನ ಸಲ ಬಂದಾಗ ಅಗಲವಾಗಿದೆಯೇ ನೋಡೋಣ ಎಂದರು. ಆ ಮುಂದಿನ ಸಲ ಬರುವುದು ನೀವು ಬೀಗ ಹಾಕಿದ ಮೇಲಿನ ಎರಡನೇ ವಾರ. ಬೀಗದ ಸುದ್ದಿಯನ್ನು ದೊಡ್ಡಮ್ಮನಿಂದ ಇನ್ನೂ ಮುಚ್ಚಿಟ್ಟಿದ್ದೇನೆ. ದೊಡ್ಡ ಊರಿಗೆ ಹೋಗೋಣ ಎಂದರೆ ದೊಡ್ಡಮ್ಮ ಒಪ್ಪುವುದಿಲ್ಲ. "ಒಂದ್ಸಲ ಹೋಗಿ ಕಾಲು ಕೊಟ್ಟು ಬಂದಿದೀನಿ, ಇನ್ನೊಂದನ್ನ ನಾನೇ ಹೊತ್ತು ತಗೊಂಡ್ಹೋಗಿ ಕೊಡಲ್ಲ," ಎನ್ನುತ್ತಾರೆ. ಮುಕ್ಕಾಲು ಹಿಮ್ಮಡಿಯಲ್ಲಿ ಅಷ್ಟು ದೂರದ ಬಸ್ಸು, ಅಲ್ಲಿಂದ ಆ ಮೆಟ್ಟಿಲು. ಹೆದರಿಕೆಯೂ ಇದೆ, ಅದನ್ನು ಹೇಳುವುದಿಲ್ಲ. ನಮ್ಮ ಆಸ್ಪತ್ರೆಯ ಪರದೆಯ ಮೂಲೆಗಾದರೆ ತಂಗಿಯ ಕೂದಲಿನ ನೆಪ ಹೇಳಿಕೊಂಡು ಹೋಗುತ್ತಾರೆ. ನಿಮ್ಮ ಕಚೇರಿಯಲ್ಲಿ ಆಗುತ್ತಿರುವುದು ಕಾಲಹರಣ. ಇಲ್ಲಿ ಆಗುವುದು ಕಾಲಿನ ಹರಣ. ಅದೂ ಕಾಲಿಗೇ ನಿಂತರೆ ನಮ್ಮ ಪುಣ್ಯ.

ಆದ್ದರಿಂದ ನಮ್ಮ ಬೇಡಿಕೆ. ನಮ್ಮ ಒಂಬತ್ತು ಜನರನ್ನು ಅವರು ರಾತ್ರಿ ಕಳೆದ ಜಾಗದಲ್ಲಲ್ಲ, ಬದುಕುವ ಜಾಗದಲ್ಲಿ ಎಣಿಸಿ. ದೊಡ್ಡ ಆಸ್ಪತ್ರೆಯ ಕೌಂಟರಿನಲ್ಲಿ ಹೊರಊರಿನವರಿಗೂ ರಿಪೋರ್ಟನ್ನು ಕೈಗೇ ಕೊಡುವಂತೆ ಮಾಡಿ. ಆಗ ಯಾರೂ ಲಾಡ್ಜಿನ ವಿಳಾಸ ಹೇಳುವುದಿಲ್ಲ, ನಿಮ್ಮ ಲೆಕ್ಕ ತಾನಾಗಿಯೇ ನೆಟ್ಟಗಾಗುತ್ತದೆ. ಲಾಡ್ಜಿನ ಸೋಪು ವಾಪಸು ಕೊಡಿ. ಇವೆಲ್ಲ ನಿಧಾನಕ್ಕೆ ಆಗಲಿ, ಕಾಯುತ್ತೇವೆ. ಒಂದು ಮಾತ್ರ ಕಾಯುವುದಿಲ್ಲ: ಗುರುವಾರದ ಕ್ಲಿನಿಕ್ಕು ನಮ್ಮ ಊರಿನಲ್ಲೇ ಇರಬೇಕು, ಒಂದು ವಾರವೂ ತಪ್ಪಬಾರದು.

ಇವತ್ತು ಬೆಳಿಗ್ಗೆ ಅಂಗಡಿ ತೆರೆಯುವಷ್ಟರಲ್ಲಿ ದೊಡ್ಡಮ್ಮ ಬಂದು ಗಿರಾಕಿಗಳ ಕುರ್ಚಿಯಲ್ಲಿ ಕೂತಿದ್ದರು. ಎಡಗಾಲಿನ ಚಪ್ಪಲಿ ಆಗಲೇ ಬಿಚ್ಚಿಯಾಗಿತ್ತು. "ನಿನ್ನ ಹತ್ರ ಅಷ್ಟೊಂದು ಗಾಜಿದೆಯಲ್ಲ, ಯಾವುದಾದ್ರೂ ಒಂದರಲ್ಲಿ ನೋಡು" ಎಂದರು. ನನ್ನಲ್ಲಿರುವ ದಪ್ಪ ಲೆನ್ಸು ತೆಗೆದು, ಕಿಟಕಿಯ ಬೆಳಕಿಗೆ ಅವರ ಹೆಬ್ಬೆರಳು ಹಿಡಿದು ನೋಡಿದೆ. ಗೆರೆ ದೊಡ್ಡದಾಗಿ ಕಂಡಿತು. ಲೆನ್ಸಿನಲ್ಲಿ ಎಲ್ಲವೂ ದೊಡ್ಡದಾಗಿಯೇ ಕಾಣುತ್ತದೆ.

"ಅಗಲ ಆಗಿದೆಯೇನೋ?" ಎಂದರು.

"ಇಲ್ಲ ದೊಡ್ಡಮ್ಮ, ಹಂಗೇ ಇದೆ" ಎಂದೆ.

ಮೊದಲು ಎಷ್ಟಿತ್ತು ಎಂಬುದು ಗೊತ್ತಿರುವುದು ಡಾಕ್ಟರಮ್ಮನಿಗೆ ಮಾತ್ರ, ನನಗಲ್ಲ. ದೊಡ್ಡಮ್ಮ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು, "ಸರಿ, ಹಂಗಾದ್ರೆ ಡಾಕ್ಟ್ರಮ್ಮ ಹೇಳಿದ ಗುರುವಾರಾನೇ ತೋರಿಸ್ತೀನಿ" ಎಂದು ಎದ್ದು ಹೋದರು. ಆ ಗುರುವಾರ ಇರುವುದಿಲ್ಲ ಎಂದು ಅವರಿಗೆ ಹೇಳುವ ಧೈರ್ಯ ನನಗಿಲ್ಲ. ನಿಮಗಿದ್ದರೆ, ದಯವಿಟ್ಟು ಬಂದು ನೀವೇ ಹೇಳಿ.

ಇಂತಿ,
ಬೆಳಗಿನಿಂದ ದೊಡ್ಡಮ್ಮನ ಕಣ್ಣು ತಪ್ಪಿಸಿಕೊಂಡು ಓಡಾಡುತ್ತಿರುವ
ಕನ್ನಡಕದ ಅಂಗಡಿಯವನು